ಒಳಹರಿವು ಎಷ್ಟು, ಹೊರಹರಿವು ಎಷ್ಟು?

ಶ್ರೀರಂಗಪಟ್ಟಣದಲ್ಲಿ ಕಾವೇರಿ ಹೊಳೆ ಏರಬೇಕಾದರೆ ಶ್ರೀರಂಗಪಟ್ಟಣದಲ್ಲೇ ಮಳೆ ಬರಬೇಕೆಂದೇನಿಲ್ಲ. ಜುಲೈನಲ್ಲಿ ಇಲ್ಲಿ ತುಂತುರು ಹನಿಯುತ್ತಿದ್ದರೆ ಅತ್ತ ಕೊಡಗಿನ ಭಾಗಮಂಡಲದಲ್ಲಿ ಆಕಾಶಕ್ಕೇ ತೂತು ಬಿದ್ದಂತೆ ಸುರಿಯುತ್ತಿರುತ್ತದೆ. ನಂಜನಗೂಡಿನದೂ ಅದೇ ಕಥೆ. ಕಪಿಲೆ, ಅಂದರೆ ಕಬಿನಿ, ಉಕ್ಕುವುದು ಕೇರಳದ ವಯನಾಡಿನ ಮಳೆಗೆ. ಹವಾಮಾನ ಇಲಾಖೆ ಮಂಡ್ಯ, ಮೈಸೂರಿಗೆ ಎಚ್ಚರಿಕೆಯಿಲ್ಲ ಎಂಬ ಹಸಿರು ಬಣ್ಣ ಕೊಟ್ಟಿತೆಂದು ಹೊಳೆದಂಡೆಯವರು ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ. ಆ ಬಣ್ಣ ಹೇಳುವುದು ಮಳೆಯ ವಿಚಾರ, ಹೊಳೆಯದ್ದಲ್ಲ. ಇಲ್ಲಿನವರು ಕಣ್ಣಿಡಬೇಕಾದದ್ದು ಕೊಡಗು, ಹಾಸನ, ವಯನಾಡಿನ ಬಣ್ಣದ ಮೇಲೆ. ಅಲ್ಲಿ ರೆಡ್ ಅಲರ್ಟ್ ಎಂದರೆ ಸಾಮಾನ್ಯವಾಗಿ 24 ಗಂಟೆಯಲ್ಲಿ 20 ಸೆಂಟಿಮೀಟರ್ ಮೀರಿ ಮಳೆಯಾಗುವ ಸಂಭವವಿದೆ ಎಂದರ್ಥ.

ಆಮೇಲೆ ನೋಡಬೇಕಾದದ್ದು ಪತ್ರಿಕೆಯ ಮೂಲೆಯಲ್ಲಿ ದಿನವೂ ಬರುವ ಜಲಾಶಯದ ಮಟ್ಟ. ಎಲ್ಲರ ಕಣ್ಣೂ ಅಡಿಯ ಮೇಲೇ. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬುವ ಮಟ್ಟವಾದ 124.80 ಅಡಿ ಮುಟ್ಟಿತೇ ಎಂಬುದು ರೈತರಿಗೆ ಹಬ್ಬದ ಪ್ರಶ್ನೆ, ಸರ್ಕಾರಕ್ಕೆ ಬಾಗಿನದ ಪ್ರಶ್ನೆ. ಕೆಳದಂಡೆಯವರಿಗೆ ಮುಖ್ಯವಾದದ್ದು ಪಕ್ಕದ ಎರಡು ಅಂಕಿ, ಒಳಹರಿವು ಮತ್ತು ಹೊರಹರಿವು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ಒಳಹರಿವು ಇಡೀ ದಿನ ನಿಂತರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಬಂದಂತಾಯಿತು. ಕೆಆರ್‌ಎಸ್‌ನ ಒಟ್ಟು ಸಾಮರ್ಥ್ಯವೇ 49.45 ಟಿಎಂಸಿ, ಬರಿದಾದ ಕಟ್ಟೆಯೂ ಆರು ದಿನದೊಳಗೆ ತುಂಬುತ್ತದೆ. 19.52 ಟಿಎಂಸಿಯ ಕಬಿನಿ ಇನ್ನೂ ಚಿಕ್ಕದು, ಅದಕ್ಕೆ 50 ಸಾವಿರ ಕ್ಯುಸೆಕ್ ಬಂದರೂ ಐದು ದಿನ ಸಾಕು. ಮುಕ್ಕಾಲು ತುಂಬಿರುವಾಗ ಲೆಕ್ಕ ಗಂಟೆಗಳಿಗೆ ಇಳಿಯುತ್ತದೆ. ತುಂಬಿದ ಮೇಲಂತೂ ಬಂದಷ್ಟನ್ನೂ ಕೆಳಕ್ಕೆ ಬಿಡದೆ ಗತಿಯಿಲ್ಲ. ಒಳಹರಿವು ದಿಢೀರ್ ಏರಿದೆ, ಕಟ್ಟೆಯಲ್ಲಿ ಜಾಗವಿಲ್ಲ ಎಂದು ಕಂಡ ದಿನವೇ ಹೊಳೆದಂಡೆಯ ಪಂಪ್‌ಸೆಟ್ ಮೋಟಾರು ಬಿಚ್ಚಿ ಮೇಲೆ ಸಾಗಿಸುವುದು ಜಾಣತನ.

ತಿರುಮಕೂಡಲಿನವರು ಇನ್ನೂ ಒಂದು ಲೆಕ್ಕ ಹಾಕಬೇಕು. ಕಾವೇರಿ, ಕಪಿಲೆ ಎರಡೂ ಕೂಡುವುದು ಅಲ್ಲಿ. ಒಂದು ಕಟ್ಟೆಯ ಹೊರಹರಿವು ನೋಡಿ ಸುಮ್ಮನಾದರೆ ಅರ್ಧ ಹೊಳೆಯನ್ನಷ್ಟೇ ನೋಡಿದಂತೆ.

ನೀರು ಬಿಡುವ ಮುನ್ನ ಪ್ರಕಟಣೆ ಹೊರಡುತ್ತದೆ: ‘ಯಾವುದೇ ಕ್ಷಣದಲ್ಲಿ ನದಿಗೆ ಹೆಚ್ಚಿನ ನೀರು ಬಿಡಲಾಗುವುದು, ತಗ್ಗು ಪ್ರದೇಶದ ಜನರು ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಕ್ಕೆ ತೆರಳಬೇಕು.’ ಸರಿ, ಆದರೆ 70 ಸಾವಿರ ಕ್ಯುಸೆಕ್ ಎಂದರೆ ನಮ್ಮ ಗದ್ದೆಯ ಬದು ಮುಳುಗುತ್ತದೋ ಇಲ್ಲವೋ? ಇಂಥ ಪ್ರಕಟಣೆಗಳು ಅದನ್ನು ಹೇಳುವುದೇ ಅಪರೂಪ. ನನ್ನ ಮಟ್ಟಿಗೆ ಅವುಗಳ ದೊಡ್ಡ ಕೊರತೆ ಇದು. ನಂಜನಗೂಡಿನವರಿಗೆ ಹದಿನಾರು ಕಾಲು ಮಂಟಪವೇ ಅಳತೆಗೋಲು. ಅದು ಎಷ್ಟು ಮುಳುಗಿದರೆ ಯಾವ ಬೀದಿಗೆ ನೀರು ಬರುತ್ತದೆಂದು ಹಳಬರು ಬಲ್ಲರು. ತೋಟದವರು ತೆಂಗಿನ ಮರಕ್ಕೇ ಗುರುತು ಹಾಕಿಕೊಳ್ಳಬಹುದು: ನೀರು ಬಂದ ಎತ್ತರಕ್ಕೆ ಬಣ್ಣದ ಗೆರೆ, ಪಕ್ಕದಲ್ಲಿ ಆ ದಿನದ ಹೊರಹರಿವು ಮತ್ತು ತಾರೀಕು. ಮುಂದಿನ ಪ್ರಕಟಣೆ ಬಂದಾಗ ಅದರಲ್ಲಿನ ಅಂಕಿಗೆ ಅರ್ಥ ಬರುತ್ತದೆ.

ಕೇಂದ್ರ ಜಲ ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್‌ನಲ್ಲಿ ಹೊಳೆಯ ಮಟ್ಟ ಎಚ್ಚರಿಕೆಯ ಗೆರೆ ದಾಟಿತೋ ಅಪಾಯದ ಗೆರೆ ದಾಟಿತೋ ಎಂದು ನೋಡಬಹುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ನೀವಿರುವ ಜಾಗಕ್ಕೆ ತಕ್ಕ ಎಚ್ಚರಿಕೆ ಕೊಡುತ್ತದೆ. 2023ರಲ್ಲಿ ಇದ್ದಕ್ಕಿದ್ದಂತೆ ಮೊಬೈಲುಗಳೆಲ್ಲ ಒಟ್ಟಿಗೆ ಕೂಗಿಕೊಂಡು ಜನ ಗಾಬರಿಯಾದರಲ್ಲ, ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಎಸ್‌ಎಂಎಸ್ ಒಬ್ಬೊಬ್ಬರ ನಂಬರಿಗೆ ಹೋಗಬೇಕು, ನೆಟ್‌ವರ್ಕ್ ಕಿಕ್ಕಿರಿದರೆ ತಡವಾಗುತ್ತದೆ. ಇದು ಹಾಗಲ್ಲ, ಟವರ್ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಂದೇ ಸಲ ಮುಟ್ಟುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಸೇತುವೆಯ ವಿಡಿಯೊ ಮಾತ್ರ ಯಾವ ವರ್ಷದ್ದೆಂದು ಮೊದಲು ಕೇಳಿ. ಅನುಮಾನವಿದ್ದರೆ ಜಿಲ್ಲಾ ಸಹಾಯವಾಣಿ 1077 ಇದೆ.

ಅಕ್ಟೋಬರ್‌ನಲ್ಲೂ ಇದೇ ಎಚ್ಚರ ಬೇಕು. ಮುಂಗಾರಿನ ಆರಂಭದಲ್ಲಿ ಕಟ್ಟೆ ಖಾಲಿಯಿರುವುದರಿಂದ ಮೊದಲ ನೆರೆಯನ್ನು ನುಂಗಿಕೊಳ್ಳುತ್ತದೆ. ಹಿಂಗಾರಿನ ಹೊತ್ತಿಗೆ ಅದು ತುಂಬಿದ್ದರೆ ಮೇಲೆ ಬಿದ್ದ ಸಾಧಾರಣ ಮಳೆಯೂ ನೇರ ಕೆಳಗಿನ ಹೊಳೆಗೆ ಇಳಿಯುತ್ತದೆ.