ಆರು ವಯಲ್‌ಗಾಗಿ ಅಲೆದ ದಿನ

2021ರ ಏಪ್ರಿಲ್. ಕಾಕಾ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದರು. ಕೊರೊನಾ ಜ್ವರ ಶುರುವಾಗಿ 11 ದಿನ ಆಗಿತ್ತು. ರೆಮ್‌ಡೆಸಿವಿರ್ ಅನ್ನುವ ಇಂಜೆಕ್ಷನ್ನಿನ ಆರು ವಯಲ್, ಅಂದರೆ ಪುಟ್ಟ ಸೀಸೆ, ತನ್ನಿ ಅಂತ ಚೀಟಿ ಬರೆದುಕೊಟ್ಟರು. ಮೊದಲ ದಿನ ಎರಡು, ಆಮೇಲೆ ನಾಲ್ಕು ದಿನ ಒಂದೊಂದು. ವಿದ್ಯಾನಗರ, ಕೊಪ್ಪೀಕರ್ ರಸ್ತೆ, ಕೊನೆಗೆ ಧಾರವಾಡ. ಎಲ್ಲೂ ಸಿಗಲಿಲ್ಲ. ಕಾಕಾ ಉಳಿಯಲಿಲ್ಲ. ನನ್ನಿಂದಲೇ ಹೀಗಾಯಿತು ಅಂತ ಬಹಳ ದಿನ ಕೊರಗಿದೆ.

ಆ ಔಷಧಿ ಏನು ಮಾಡುತ್ತದೆ ಅಂತ ತಿಳಿದದ್ದು ಆಮೇಲೆ. ಗದಗದ ಹಳೆಯ ಮುದ್ರಣಾಲಯಗಳನ್ನು ನೆನಪಿಸಿಕೊಳ್ಳಿ. ಒಂದೊಂದೇ ಅಚ್ಚುಮೊಳೆ ಜೋಡಿಸಿ ಸಾಲು ಕಟ್ಟುತ್ತಿದ್ದರು. ಕೊರೊನಾ ವೈರಸ್ ನಮ್ಮ ಜೀವಕೋಶದೊಳಗೆ ತನ್ನ ಆರ್‌ಎನ್‌ಎ, ಅಂದರೆ ತನ್ನ ವಂಶವಾಹಿ ಬರಹದ, ನಕಲನ್ನು ಹೀಗೇ ಜೋಡಿಸುತ್ತದೆ. ಅದಕ್ಕಿರುವುದು ನಾಲ್ಕೇ ಅಕ್ಷರ. ರೆಮ್‌ಡೆಸಿವಿರ್ ಅದರಲ್ಲಿ ‘ಎ’ ಅಕ್ಷರವನ್ನೇ ಹೋಲುವ ಖೋಟಾ ಮೊಳೆ. ಈ ವೈರಸ್ಸಿನ ಬಳಿ ಕರಡು ತಿದ್ದುವ ಕಿಣ್ವವೂ ಇದೆ. ತಪ್ಪು ಅಕ್ಷರ ಕಂಡರೆ ಕಿತ್ತು ಹಾಕುತ್ತದೆ. ಆದರೆ ಖೋಟಾ ಮೊಳೆ ಕೂತ ತಕ್ಷಣ ಕೆಲಸ ನಿಲ್ಲುವುದಿಲ್ಲ. ಇನ್ನೂ ಮೂರು ಅಕ್ಷರ ಸೇರುತ್ತವೆ, ಆಮೇಲೆ ಸಾಲು ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ತಪ್ಪು ಒಳಗೆ ಸರಿದಿರುತ್ತದೆ. ತಿದ್ದುವ ಕಿಣ್ವಕ್ಕೆ ಸುಲಭವಾಗಿ ಸಿಗುವುದಿಲ್ಲ. ಎಂಥ ಜಾಣ ಉಪಾಯ ಅಲ್ವಾ!

ಆದರೆ ವೈರಸ್ಸಿನ ಅಚ್ಚು ಜೋರಾಗಿ ನಡೆಯುವುದು ಮೊದಲ ವಾರ. ಆಮೇಲೆ ಶ್ವಾಸಕೋಶ ಕೆಡಿಸುವುದು ಹೆಚ್ಚಾಗಿ ನಮ್ಮದೇ ದೇಹದ ರೋಗನಿರೋಧಕ ವ್ಯವಸ್ಥೆ, ಅದು ಎಬ್ಬಿಸುವ ಉರಿಯೂತ. ಆಗ ಅಚ್ಚು ನಿಲ್ಲಿಸಿದರೂ ಪ್ರಯೋಜನ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದ ಕೊನೆಯ ಲೆಕ್ಕ 2022ರಲ್ಲಿ ಬಂತು. ವೆಂಟಿಲೇಟರ್ ಇಲ್ಲದೆ ಆಕ್ಸಿಜನ್ ಮೇಲಿದ್ದವರಿಗೆ ರೆಮ್‌ಡೆಸಿವಿರ್ ಕೊಟ್ಟಾಗ ಸಾವು ನೂರಕ್ಕೆ 16.3ರಿಂದ 14.6ಕ್ಕೆ ಇಳಿದಿತ್ತು. ಆಗಲೇ ವೆಂಟಿಲೇಟರ್ ಮೇಲಿದ್ದವರಿಗೆ ಲಾಭ ಕಾಣಲಿಲ್ಲ. ಅಂಥವರಿಗೆ ನೆರವಾದದ್ದು ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್. ಹಳೆಯ, ಅಗ್ಗದ ಸ್ಟೆರಾಯ್ಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗ ಅದನ್ನು ತೋರಿಸಿತ್ತು. ಕಾಕಾನ ಫೈಲಿನಲ್ಲಿ ಅದರ ಹೆಸರಿದೆ. ಆಕ್ಸಿಜನ್ ಹಚ್ಚಿದ ದಿನದಿಂದ ಕೊಟ್ಟಿದ್ದಾರೆ.

ಇದನ್ನೆಲ್ಲ ಓದಿ ಕಾಕುಗೆ ಹೇಳಿದೆ. “ಆ ಹೊತ್ತಿಗೆ ವಯಲ್ ಸಿಕ್ಕಿದ್ರೂ ಉಪಯೋಗ ಆಗ್ತಿರಲಿಲ್ಲ ಅನಸ್ತದ ಕಾಕು.”

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. “ಮೊದಲನೇ ವಾರದಾಗ ಕೊಟ್ಟಿದ್ರ?” ಅಂದರು.

ಅದಕ್ಕೂ ಪ್ರಯೋಗ ನಡೆದಿದೆ. ಲಸಿಕೆ ಆಗದ, ಅಪಾಯ ಜಾಸ್ತಿ ಇದ್ದವರಿಗೆ, ರೋಗಲಕ್ಷಣ ಕಂಡ ಏಳು ದಿನದೊಳಗೆ, ಆಸ್ಪತ್ರೆಗೆ ಸೇರುವ ಮೊದಲೇ ಮೂರು ದಿನ ಇಂಜೆಕ್ಷನ್ ಕೊಟ್ಟರು. ಆಸ್ಪತ್ರೆ ಸೇರುವ ಅಪಾಯ ಶೇಕಡಾ 87ರಷ್ಟು ತಗ್ಗಿತು. ಆ ಫಲಿತಾಂಶ ಪ್ರಕಟವಾದದ್ದು 2021ರ ಡಿಸೆಂಬರ್‌ನಲ್ಲಿ. ಕಾಕಾ ಹೋಗಿ ಎಂಟು ತಿಂಗಳಾಗಿತ್ತು.