ಪೆಟ್ರೋಲ್ ಬಿಲ್ಲು ಇದ್ದರೆ ಸಾಲದು, ಯಾಕೆ ಹೋದಿರಿ ಅನ್ನೋದೂ ಬೇಕು

ತೆರಿಗೆ ರಿಟರ್ನ್ ತುಂಬುವ ದಿನಗಳಲ್ಲಿ ಯಾರಾದರೂ ಒಬ್ಬರು ಚೀಲದ ತುಂಬ ಪೆಟ್ರೋಲ್ ಬಿಲ್ಲು ತಂದು ನನ್ನ ಮೇಜಿನ ಮೇಲೆ ಸುರಿಯುತ್ತಾರೆ. “ಒಂದನ್ನೂ ಎಸೆದಿಲ್ಲ, ಎಲ್ಲ ಇದೆ ನೋಡಿ” ಅನ್ನುತ್ತಾರೆ. ಸ್ವಂತವಾಗಿ ಕಾಂಟ್ರ್ಯಾಕ್ಟ್ ಕೆಲಸ ಮಾಡುವವರು, ವರ್ಷವಿಡೀ ಓಡಾಡಿದವರು. ಅವರ ಶ್ರದ್ಧೆ ನೋಡಿ ನನಗೆ ಸಂಕಟವಾಗುತ್ತದೆ. ಅರ್ಧ ಬಿಲ್ಲುಗಳ ಅಕ್ಷರ ಅಳಿಸಿಹೋಗಿರುತ್ತದೆ. ಅದು ಥರ್ಮಲ್ ಕಾಗದ, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿದ್ದಿದ್ದರೆ ಬೇಗ ಮಾಸುತ್ತದೆ. ಉಳಿದವನ್ನು ಓದಲು ಬಂದರೂ ಗೊತ್ತಾಗುವುದು ಇಷ್ಟೇ: ಇಂಥ ದಿನ ಇಷ್ಟು ಲೀಟರ್ ಹಾಕಿಸಿದ್ದೀರಿ. ಆ ಪೆಟ್ರೋಲ್ ಸೈಟಿಗೆ ಹೋಗಲು ಖರ್ಚಾಯಿತೋ, ಮಗಳನ್ನು ಶಾಲೆಗೆ ಬಿಡಲು ಖರ್ಚಾಯಿತೋ? ಬಿಲ್ಲು ಹೇಳುವುದಿಲ್ಲ. ಆದಾಯದಿಂದ ಕಳೆಯಲು ಬರುವುದು ಕೆಲಸದ ಓಡಾಟದ ಖರ್ಚು ಮಾತ್ರ, ಹಾಗಾಗಿ ತೆರಿಗೆ ಅಧಿಕಾರಿ ಕೇಳುವುದು ಅದನ್ನೇ.

ಮೈಲೇಜ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ ಅನ್ನೋದು. ಲೆಕ್ಕಪತ್ರದಲ್ಲಿ ಅದರ ಅರ್ಥ ಬೇರೆ. ಕೆಲಸಕ್ಕಾಗಿ ಎಷ್ಟು ದೂರ ಓಡಿಸಿದಿರಿ ಅನ್ನುವ ಲೆಕ್ಕ ಅದು.

ನನ್ನ ಹತ್ತಿರ ಬರುವ ಎಲೆಕ್ಟ್ರಿಕಲ್ ಕೆಲಸದವರೊಬ್ಬರು ಗಾಡಿಯಲ್ಲೇ ಒಂದು ಸಣ್ಣ ನೋಟ್‌ಬುಕ್ ಇಟ್ಟಿರುತ್ತಾರೆ, ಜೊತೆಗೆ ದಾರ ಕಟ್ಟಿದ ಪೆನ್ನು. ಅದರ ಒಂದು ದಿನದ ಬರಹ ಹೀಗಿತ್ತು: “ಮಾರ್ಚ್ 12. ಮನೆಯಿಂದ ಶಾಲೆ ಕಟ್ಟಡದ ಸೈಟು, ಎರಡನೇ ಮಹಡಿ ವೈರಿಂಗ್ ಪರೀಕ್ಷೆ. ಹೊರಟಾಗ 48,216. ವಾಪಸ್ 48,271. ಬರುವಾಗ ಅಕ್ಕನ ಮನೆಗೆ ಹೋದೆ, ಅದಕ್ಕೆ 9 ಕಿ.ಮೀ. ಕಳೆದಿದೆ. ಪಾರ್ಕಿಂಗ್ ಚೀಟಿ ಇದೆ.” ಕ್ಲೇಮ್ ಮಾಡಿದ್ದು 46 ಕಿ.ಮೀ. ಒಮ್ಮೆ ಅವರ ಲೆಕ್ಕ ವಿಚಾರಣೆಗೆ ಬಂತು. ಅಧಿಕಾರಿ ಆ ಪುಸ್ತಕವನ್ನು ನಾಲ್ಕೈದು ಕಡೆ ತೆರೆದು ನೋಡಿದರು. ಇಂಥ ಒಂದೆರಡು ಸಾಲು ಓದಿದ ಮೇಲೆ ಮುಂದಿನ ಪ್ರಶ್ನೆಗೆ ಹೋದರು. ಆ 9 ಕಿ.ಮೀ. ಬಿಟ್ಟಿದ್ದೇ ಉಳಿದ ಲೆಕ್ಕಕ್ಕೆಲ್ಲ ಸಾಕ್ಷಿ ಹೇಳಿತು ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಇನ್ನು ಎಲ್ಲಕ್ಕಿಂತ ಜಾಸ್ತಿ ತಕರಾರು ಬರುವ ಜಾಗ: ಮನೆಯಿಂದ ಕೆಲಸದ ಜಾಗಕ್ಕೆ ಹೋಗುವ ಓಡಾಟ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದಿನನಿತ್ಯ ಮನೆಯಿಂದ ಕೆಲಸಕ್ಕೆ ಹೋಗಿಬರುವುದು ಸಾಮಾನ್ಯವಾಗಿ ಸ್ವಂತ ಖರ್ಚು. ಎಲ್ಲಿ ಇರಬೇಕು ಅನ್ನೋದು ನಿಮ್ಮ ಇಷ್ಟ, ಹಾಗಾಗಿ ಆ ದೂರವೂ ನಿಮ್ಮದೇ ಅನ್ನುವ ತರ್ಕ. ಆದರೆ ಕಾಂಟ್ರ್ಯಾಕ್ಟ್ ಕೆಲಸದವರಿಗೆ ಕೆಲಸದ ಜಾಗ ಯಾವುದು? ಇವತ್ತು ಇಲ್ಲಿ, ಮುಂದಿನ ತಿಂಗಳು ಮತ್ತೆಲ್ಲೋ, ಅಲ್ವಾ?

ಈ ಪ್ರಶ್ನೆ ಅರ್ಥವಾಗಲು ನಾನು ಯಾವಾಗಲೂ ಬ್ರಿಟನ್ನಿನ ಎರಡು ಹಳೆಯ ತೀರ್ಪುಗಳ ಕಥೆ ಹೇಳುತ್ತೇನೆ. ಮೊದಲನೆಯದು 1952ರದ್ದು, ನ್ಯೂಸಮ್ ಅನ್ನುವ ಬ್ಯಾರಿಸ್ಟರ್ ಅವರದು. ಲಂಡನ್ನಿನಲ್ಲಿ ಚೇಂಬರ್, ಅಂದರೆ ವಕೀಲರ ಕಚೇರಿ, ಮನೆ ದೂರದ ಹಳ್ಳಿಯಲ್ಲಿ. ಸಂಜೆ ಮನೆಯಲ್ಲೂ ಕೇಸಿನ ಕಾಗದ ಓದುತ್ತಿದ್ದರು, ಆದ್ದರಿಂದ ಓಡಾಟದ ಖರ್ಚನ್ನು ಆದಾಯದಿಂದ ಕಳೆಯಲು ಬಿಡಿ ಅಂತ ಕೇಳಿದರು. ಕೋರ್ಟು ಒಪ್ಪಲಿಲ್ಲ. ವೃತ್ತಿಯ ನೆಲೆ ಚೇಂಬರ್, ಮನೆಗೆ ಹೋಗುವುದು ಮನೆಯಲ್ಲಿ ಇರುವ ಸಲುವಾಗಿ ಅಂದಿತು. ಎರಡನೆಯದು 1971ರದ್ದು, ಹಾರ್ಟನ್ ವಿರುದ್ಧ ಯಂಗ್. ಯಂಗ್ ಇಟ್ಟಿಗೆ ಗೋಡೆ ಕಟ್ಟುವ ಉಪಗುತ್ತಿಗೆದಾರ. ಸಲಕರಣೆ ಮನೆಯಲ್ಲಿ, ಲೆಕ್ಕದ ಪುಸ್ತಕ ಮನೆಯಲ್ಲಿ, ಕೆಲಸ ಒಪ್ಪಿಕೊಳ್ಳುವ ಮಾತುಕತೆಯೂ ಮನೆಯಲ್ಲಿ. ಅಲ್ಲಿಂದ ಬೇರೆ ಬೇರೆ ಸೈಟಿಗೆ ಕಾರಿನಲ್ಲಿ ಹೋಗುತ್ತಿದ್ದರು. ಒಂದೊಂದು ಕಡೆ ಕೆಲವೇ ವಾರ ಕೆಲಸ. ಮನೆಯೇ ವ್ಯವಹಾರದ ನೆಲೆ ಅಂತ ಕೋರ್ಟು ಹೇಳಿತು, ಖರ್ಚು ಕಳೆಯಲು ಒಪ್ಪಿತು.

ಎರಡನೇ ಕಥೆ ಕೇಳಿದವರು ತಕ್ಷಣ ಹೇಳುವುದು, “ಹಾಗಾದ್ರೆ ನಂದೂ ಮನೆಯೇ ಆಫೀಸು.” ನಿಧಾನ. ಮನೆಯಲ್ಲಿ ಕೂತು ಇನ್‌ವಾಯ್ಸ್ ಬರೆದ ಮಾತ್ರಕ್ಕೆ ಆಗುವುದಿಲ್ಲ. 2014ರಲ್ಲಿ ಸಮಾದಿಯನ್ ಅನ್ನುವ ವೈದ್ಯರ ಪ್ರಕರಣದಲ್ಲಿ ಅವರ ಮನೆಯ ಆಫೀಸನ್ನು ಕೆಲಸದ ಜಾಗ ಅಂತ ನ್ಯಾಯಮಂಡಳಿ ಒಪ್ಪಿತು. ಆದರೂ ಖಾಸಗಿ ಆಸ್ಪತ್ರೆಗೆ ಹೋಗಿಬಂದ ಖರ್ಚು ಒಪ್ಪಲಿಲ್ಲ. ವಾರಕ್ಕೆ ಇಂತಿಷ್ಟು ದಿನ, ಅದೇ ಜಾಗ, ಮೊದಲೇ ಗೊತ್ತಿರುವ ಓಡಾಟ, ಅದು ಕಾರಣ. ಅಮೆರಿಕದಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ ಅಂತ ನಿರೀಕ್ಷಿಸಿದ, ಹಾಗೇ ನಡೆದ ಕೆಲಸದ ಜಾಗವನ್ನು ಮಾತ್ರ ತಾತ್ಕಾಲಿಕ ಅನ್ನುತ್ತಾರೆ. ಹಾಗಾಗಿ ಒಬ್ಬರೇ ಗ್ರಾಹಕರ ಒಂದೇ ಕಚೇರಿಗೆ ಎರಡು ವರ್ಷದಿಂದ ಹೋಗುತ್ತಿರುವವರಿಗೆ ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ, ಈ ಕ್ಲೇಮ್ ಬೇಡ. ಒಂದು ಸೈಟಿನಿಂದ ಇನ್ನೊಂದು ಸೈಟಿಗೆ, ಸಾಮಾನು ತರಲು ಅಂಗಡಿಗೆ ಹೋದದ್ದರಲ್ಲಿ ಇಷ್ಟು ಗೊಂದಲ ಇಲ್ಲ. ಅದನ್ನು ಧೈರ್ಯವಾಗಿ ಬರೆಯಿರಿ.

ದುಡ್ಡಿನ ಲೆಕ್ಕಕ್ಕೆ ಎರಡು ದಾರಿ. ಒಂದು, ದೂರಕ್ಕೆ ಇಷ್ಟು ಅಂತ ನಿಗದಿಯಾದ ದರ. 2024–25ರಲ್ಲಿ ಬ್ರಿಟನ್ನಿನಲ್ಲಿ ಕಾರಿಗೆ ಮೊದಲ 10,000 ಮೈಲಿವರೆಗೆ ಮೈಲಿಗೆ 45 ಪೆನ್ಸ್, ಆಮೇಲೆ 25 ಪೆನ್ಸ್ ಇತ್ತು. ಅಮೆರಿಕದಲ್ಲಿ 2025ಕ್ಕೆ ಮೈಲಿಗೆ 70 ಸೆಂಟ್. ಆಸ್ಟ್ರೇಲಿಯಾದಲ್ಲಿ 2024–25ಕ್ಕೆ ಕಿ.ಮೀ.ಗೆ 88 ಸೆಂಟ್, ಅದೂ 5,000 ಕಿ.ಮೀ.ವರೆಗೆ ಮಾತ್ರ. ಇನ್ನೊಂದು ದಾರಿ, ನಿಜವಾದ ಖರ್ಚಿನಲ್ಲಿ ಕೆಲಸದ ಪಾಲು. ವರ್ಷಕ್ಕೆ ಒಟ್ಟು 20,000 ಕಿ.ಮೀ. ಓಡಿ, ಅದರಲ್ಲಿ 13,000 ಕೆಲಸಕ್ಕೆ ಅಂದರೆ ಪಾಲು 65%. ಪೆಟ್ರೋಲ್, ವಿಮೆ, ಸರ್ವಿಸ್, ಟೈರು, ಸವಕಳಿ ಎಲ್ಲದರಲ್ಲೂ ಅಷ್ಟೇ ಪಾಲು. ಭಾರತದಲ್ಲಿ ಸ್ವಂತ ಉದ್ಯೋಗದವರಿಗೆ ಕಿ.ಮೀ. ದರ ಇಲ್ಲ, ಈ ಎರಡನೇ ದಾರಿಯೇ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ (ಕೆಲವು ವೃತ್ತಿಗಳವರು ಖರ್ಚಿನ ವಿವರ ಕೊಡದೆ ಅಂದಾಜು ಲಾಭ ತೋರಿಸುವ ಕಲಂ) ಪ್ರಕಾರ ಅರ್ಧ ಆದಾಯವನ್ನೇ ಲಾಭ ಅಂತ ತೋರಿಸಿದವರು ಓಡಾಟದ ಖರ್ಚನ್ನು ಮತ್ತೆ ಬೇರೆಯಾಗಿ ಕಳೆಯುವ ಹಾಗಿಲ್ಲ.

ಯಾವ ದಾರಿ ಒಳ್ಳೆಯದು? ಹಳೆಯ ಕಾರು, ಜಾಸ್ತಿ ಓಡಾಟ ಇದ್ದವರಿಗೆ ನಿಗದಿ ದರ ಬಹಳ ಸಲ ಲಾಭ. ಹೊಸ ದುಬಾರಿ ಗಾಡಿ ಕೊಂಡವರು ಎರಡನ್ನೂ ಲೆಕ್ಕ ಹಾಕಿ ನೋಡಬೇಕು. ಮೊದಲ ವರ್ಷವೇ ಕೂತು ಹಾಕಿ. ಬ್ರಿಟನ್ನಿನಲ್ಲಿ ಒಂದು ಗಾಡಿಗೆ ನಿಗದಿ ದರ ಹಿಡಿದರೆ ಆ ಗಾಡಿ ಇರುವವರೆಗೂ ಅದೇ. ಅಮೆರಿಕದಲ್ಲಿ ಸ್ವಂತ ಕಾರಿಗೆ ಆ ದರ ಬೇಕಿದ್ದರೆ ಕೆಲಸಕ್ಕೆ ಬಳಸಿದ ಮೊದಲ ವರ್ಷವೇ ಆರಿಸಿರಬೇಕು.

ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚುವ ತಪ್ಪು ಬೇರೆಯದು. ನಿಗದಿ ದರವನ್ನೂ ಹಾಕಿ, ಮೇಲೆ ಪೆಟ್ರೋಲ್ ಬಿಲ್ಲು, ವಿಮೆಯ ರಸೀದಿಗಳನ್ನೂ ಸೇರಿಸುತ್ತಾರೆ. ಮೋಸ ಮಾಡುವ ಮನಸ್ಸು ಇರುವುದಿಲ್ಲ, ಗೊತ್ತಿರುವುದಿಲ್ಲ ಅಷ್ಟೇ. ಆ ದರದೊಳಗೆ ಇಂಧನ, ರಿಪೇರಿ, ವಿಮೆ, ಗಾಡಿಯ ಸವಕಳಿ ಎಲ್ಲ ಸೇರಿದೆ. ಟೋಲ್, ಕೆಲಸದ ಜಾಗದ ಪಾರ್ಕಿಂಗ್ ಬೇರೆ ಹಾಕಬಹುದು. ಟ್ರಾಫಿಕ್ ದಂಡ ಮಾತ್ರ ಯಾವ ದಾರಿಯಲ್ಲೂ ಇಲ್ಲ, ಸೈಟಿಗೆ ಓಡುವ ಅವಸರದಲ್ಲೇ ಬಿದ್ದಿದ್ದರೂ ಸರಿ.

ಗ್ರಾಹಕರೇ ಓಡಾಟದ ದುಡ್ಡು ಕೊಟ್ಟರೆ? ನಿಮ್ಮ ಇನ್‌ವಾಯ್ಸ್‌ನಲ್ಲಿ ಅದು ಒಂದು ಸಾಲಾಗಿ ಬಂದಿದ್ದರೆ ಆದಾಯದಲ್ಲಿ ತೋರಿಸಿ, ಖರ್ಚನ್ನು ಖರ್ಚಿನಲ್ಲಿ ತೋರಿಸಿ. ಬಂದ ದುಡ್ಡು ಬಿಟ್ಟು ಬರೀ ಖರ್ಚು ಬರೆದರೆ ಒಂದೇ ಪ್ರಯಾಣಕ್ಕೆ ಎರಡು ಸಲ ಪಡೆದ ಹಾಗಾಗುತ್ತದೆ.

ವರ್ಷ ಅರ್ಧ ಕಳೆದ ಮೇಲೆ ಇದನ್ನು ಓದುತ್ತಿರುವವರು ಹೆದರಬೇಡಿ. ಸುಮ್ನೆ ಅಂದಾಜಿಗೆ ಒಂದು ಸಂಖ್ಯೆ ಬರೆಯಬೇಡಿ ಅಷ್ಟೇ. ಇನ್‌ವಾಯ್ಸ್‌ನ ದಿನಾಂಕ, ಫೋನಿನ ಕ್ಯಾಲೆಂಡರ್, ಗ್ರಾಹಕರ ಮೆಸೇಜು ಮುಂದಿಟ್ಟುಕೊಂಡು ಒಂದೊಂದು ಪ್ರಯಾಣ ಬರೆಯಿರಿ, ಮ್ಯಾಪಿನಲ್ಲಿ ದೂರ ನೋಡಿ. ಗ್ಯಾರೇಜಿನ ಸರ್ವಿಸ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ಓಡೋಮೀಟರ್ ಅಂಕಿ ಬರೆದಿರುತ್ತಾರೆ. ಎರಡು ಬಿಲ್ಲಿನ ನಡುವಿನ ಒಟ್ಟು ದೂರ ಅಲ್ಲೇ ಸಿಗುತ್ತದೆ, ನಿಮ್ಮ ಪಟ್ಟಿ ಅದನ್ನು ಮೀರಿದೆಯಾ ಅಂತ ತಾಳೆ ನೋಡಿ. ಪುಟದ ಮೇಲೆ “ನಂತರ ಬರೆದದ್ದು” ಅಂತ ದಿನಾಂಕ ಸಮೇತ ನಮೂದಿಸಿ. ಅದರ ಕೆಳಗೊಂದು ಗೆರೆ ಎಳೆದು, ಇವತ್ತಿನ ಓಡೋಮೀಟರ್ ಅಂಕಿಯಿಂದ ಹೊಸ ಸಾಲು ಶುರು ಮಾಡಿ.