ಹಳೆಯ ಹೋಂ ಥಿಯೇಟರಿಗೆ ಸಣ್ಣ ಸ್ಪೀಕರ್: ದುಡ್ಡು ಮೊದಲು ಎಲ್ಲಿಗೆ?

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಆಟವೂ ಟಿವಿಯಲ್ಲೇ, ಸಿನಿಮಾವೂ ಟಿವಿಯಲ್ಲೇ. ಹೊರಗೆ ಜೋರು ಮಳೆ. ಆಗ ಬರುವ ದೂರು ಒಂದೇ: ಹೊಡೆದಾಟ ಕೇಳುತ್ತದೆ, ಮಾತು ಕೇಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಕಿಟಕಿಯ ಗಾಜು ನಡುಗುತ್ತದೆ, ಮಾತು ಇದ್ದಲ್ಲೇ ಇರುತ್ತದೆ. ಡಿವಿಡಿ ಪ್ಲೇಯರಿನ ಜೊತೆ ಒಂದೇ ಡಬ್ಬದಲ್ಲಿ ಬಂದ ಹಳೆಯ 5.1 ಸೆಟ್ (ಐದು ಸ್ಪೀಕರ್, ಬಾಸಿಗೆ ಒಂದು ಸಬ್‌ವೂಫರ್) ಇನ್ನೂ ಓಡುತ್ತಿರುವ ಮನೆಗಳಲ್ಲಿ ಈ ದೂರು ಹೆಚ್ಚು. ಐದೂ ಸ್ಪೀಕರ್ ಬದಲಿಸಿಬಿಡೋಣ ಅನಿಸುವುದು ಆಗಲೇ. ಬದಲಿಸಬೇಕು ನಿಜ. ಆದರೆ ಐದನ್ನೂ ಒಟ್ಟಿಗೆ ಬದಲಿಸಬೇಕಿಲ್ಲ, ಶುರುವನ್ನು ಹಿಂದಿನ ಎರಡರಿಂದ ಮಾಡಲೇಬಾರದು.

ಆ ಸೆಟ್ಟುಗಳ ಪುಟ್ಟ ಡಬ್ಬಿಯೊಳಗೆ ಇರುವುದು ಎರಡೂವರೆ ಅಥವಾ ಮೂರು ಇಂಚಿನ ಕೋನ್. 150–200 ಹರ್ಟ್ಸ್‌ಗಿಂತ ಕೆಳಗೆ ಅದು ಹೆಚ್ಚುಕಡಿಮೆ ಸುಮ್ಮನಾಗುತ್ತದೆ. ಗಂಡಸರ ಮಾತಿನ ಮೂಲ ಸ್ವರ ಇರುವುದು ಸುಮಾರು 85ರಿಂದ 155 ಹರ್ಟ್ಸ್‌ನ ನಡುವೆ. ಹೀಗಾಗಿ ನಾಯಕನ ದನಿಯ ಮೈಯೆಲ್ಲ ಮೂಲೆಯಲ್ಲಿ ಕುಳಿತ ಸಬ್‌ವೂಫರಿನಿಂದ ಬರುತ್ತದೆ, ಟಿವಿಯ ಕೆಳಗಿನ ಸ್ಪೀಕರಿನಿಂದ ಬರುವುದು ಬರಿಯ ಸಕಾರ, ತಕಾರ. 80–100 ಹರ್ಟ್ಸ್‌ನಿಂದ ಮೇಲಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿ ಪತ್ತೆ ಹಚ್ಚುವುದರಿಂದ ಮಾತು ಎರಡು ಕಡೆ ಹರಿದಂತೆ ಕೇಳುತ್ತದೆ. ಕಡಿಮೆ ಖರ್ಚಿನ ಅಪ್‌ಗ್ರೇಡ್ ಗೆಲ್ಲುವುದೂ ಸೋಲುವುದೂ ಈ ಜಾಗದಲ್ಲೇ: ಸಣ್ಣ ಸ್ಪೀಕರು ಕೈಬಿಡುವಲ್ಲಿಗೆ ಸಬ್‌ವೂಫರ್ ಬಂದು ಮುಟ್ಟಬೇಕು, ಆ ಜಾಗ ಆದಷ್ಟು ಕೆಳಗಿರಬೇಕು.

ಅದಕ್ಕೆ ಎಷ್ಟು ಸಣ್ಣದು ಸಾಕು? ಅಷ್ಟೇ ಜೋರಿನಲ್ಲಿ ಒಂದು ಆಕ್ಟೇವ್ ಕೆಳಗಿನ (ಅರ್ಧದಷ್ಟು ಹರ್ಟ್ಸ್‌ನ) ಸ್ವರ ನುಡಿಸಲು ಕೋನ್ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಮೂರು ಇಂಚಿನ ಕೋನಿನ ಕೆಲಸದ ವಿಸ್ತೀರ್ಣ ಸುಮಾರು 30 ಚದರ ಸೆಂಟಿಮೀಟರ್, ಐದು ಕಾಲು ಇಂಚಿನದ್ದು ಸುಮಾರು 90. ಹೊರಗಿನಿಂದ ನೋಡಿದರೆ ಎರಡು ಇಂಚಿನ ವ್ಯತ್ಯಾಸ, ಒಳಗೆ ಮೂರು ಪಟ್ಟು. ಸಣ್ಣ ಡಬ್ಬ, ಆಳದ ಬಾಸ್, ಕಡಿಮೆ ವ್ಯಾಟಿನಲ್ಲಿ ಜೋರು ಸದ್ದು – ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಅಮೆರಿಕದ ಸ್ಪೀಕರ್ ಎಂಜಿನಿಯರ್ ಹಾಫ್‌ಮನ್ ಹೇಳಿದ ಈ ನಿಯಮವನ್ನು ಯಾವ ಕಂಪನಿಯ ಜಾಹೀರಾತೂ ದಾಟಿಲ್ಲ. ಆದ್ದರಿಂದ ನಾಲ್ಕರಿಂದ ಐದು ಕಾಲು ಇಂಚಿನ ವೂಫರ್ (ಕೆಳಸ್ವರದ ಕೋನ್), ಒಂದು ಟ್ವೀಟರ್ (ಮೇಲುಸ್ವರದ್ದು) ಇರುವ, ಐದರಿಂದ ಎಂಟು ಲೀಟರ್ ಗಾತ್ರದ ಬುಕ್‌ಶೆಲ್ಫ್ ಸ್ಪೀಕರ್ ಹುಡುಕಿ. ಟಿವಿ ಸ್ಟ್ಯಾಂಡಿನ ಪಕ್ಕದಲ್ಲಿ ಕೂರುತ್ತದೆ, 70–80 ಹರ್ಟ್ಸ್‌ವರೆಗೆ ಇಳಿಯುತ್ತದೆ. ಅದಕ್ಕಿಂತ ಕೆಳಗಿನದ್ದು ಸಬ್‌ವೂಫರಿನ ಪಾಲು.

ವ್ಯಾಟಿನ ಲೆಕ್ಕಕ್ಕೆ ಬೆರಗಾಗಬೇಡಿ. ಡಬ್ಬದ ಮೇಲಿನ ‘ಪಿಎಂಪಿಒ 5000 ವ್ಯಾಟ್’ (ಕ್ಷಣಮಾತ್ರದ ಶಕ್ತಿಯ ಜಾಹೀರಾತಿನ ಲೆಕ್ಕ) ಓದಿ ನಗುವುದಕ್ಕೆ ಮಾತ್ರ. ನೋಡಬೇಕಾದ್ದು ಸೆನ್ಸಿಟಿವಿಟಿ. 86 ಡೆಸಿಬೆಲ್ ಅಂದರೆ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ಮನೆಯ ಹಾಲಿನಲ್ಲಿ ಮೂರು ಮೀಟರ್ ಆಚೆಯ ಸೋಫಾಕ್ಕೆ ಬರುವಾಗ ಆರೇಳು ಡೆಸಿಬೆಲ್ ಇಳಿದು 79 ಆಗುತ್ತದೆ. ಸಿನಿಮಾದ ಜೋರು ಕ್ಷಣಗಳಿಗೆ 95 ಡೆಸಿಬೆಲ್ ಬೇಕೆಂದರೆ ಇನ್ನು 16 ಡೆಸಿಬೆಲ್, ಅಂದರೆ ಸುಮಾರು 40 ವ್ಯಾಟ್. 80 ವ್ಯಾಟಿನ ಆಂಪ್ಲಿಫೈಯರ್ ತಂದರೆ ಸಿಗುವುದು ಮತ್ತೆ ಮೂರೇ ಡೆಸಿಬೆಲ್. ಆ ವ್ಯತ್ಯಾಸಕ್ಕೆ ಹತ್ತು ಸಾವಿರ ಹೆಚ್ಚು ಕೊಡುವುದು ದಂಡ.

ಕೊಳ್ಳುವ ಮೊದಲು ಹಳೆಯ ಸೆಟ್ಟಿನ ಸ್ಪೀಕರಿನ ವೈರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಆಗ ತೋರಿಸಿದ್ದನ್ನು ಕಳೆಯಬೇಕು. 8 ಓಮಿನ ಸ್ಪೀಕರ್ ಮೀಟರಿನಲ್ಲಿ 5.5ರಿಂದ 7 ತೋರಿಸುತ್ತದೆ, 4 ಓಮಿನದ್ದು 3ರ ಆಚೀಚೆ. 2.5ರ ಹತ್ತಿರ ಬಂದರೆ ಅದು 3 ಓಮಿನದ್ದು. ಒಂದೇ ಡಬ್ಬದ ಸೆಟ್ಟುಗಳಲ್ಲಿ 3–4 ಓಮ್ ಮಾಮೂಲು. ಸಾಮಾನ್ಯ ಎವಿ ರಿಸೀವರುಗಳು (ಟಿವಿಯ ಸದ್ದನ್ನು ಎಲ್ಲ ಸ್ಪೀಕರಿಗೂ ಹಂಚುವ ಆಂಪ್ಲಿಫೈಯರ್) ಕೇಳುವುದು ಕನಿಷ್ಠ 6 ಓಮ್. ಹಳೆಯ ಸ್ಪೀಕರನ್ನು ಹೊಸ ರಿಸೀವರಿಗೆ ಕಟ್ಟಿದರೆ ಕರೆಂಟ್ ಹೆಚ್ಚು ಎಳೆದು ಕಾದು, ಕ್ಲೈಮ್ಯಾಕ್ಸಿನ ಹೊತ್ತಿಗೆ ರಿಸೀವರ್ ತಾನಾಗಿ ಆಫ್ ಆಗುತ್ತದೆ. ‘ಹಿಂದಕ್ಕಾದರೂ ಇರಲಿ’ ಎನ್ನುವವರಿಗೂ ಇದೇ ಉತ್ತರ.

ತಿರುಗಾ ಮಾಡಿದರೆ, ಹೊಸ 8 ಓಮಿನ ಸ್ಪೀಕರನ್ನು ಹಳೆಯ ಡಿವಿಡಿ ಯೂನಿಟ್ಟಿಗೆ ಕಟ್ಟಿದರೆ, ಸುಡುವುದು ಏನೂ ಇಲ್ಲ. ಆದರೆ 3 ಓಮಿಗೆ ಸಿಗುತ್ತಿದ್ದ ಶಕ್ತಿಯಲ್ಲಿ ಎಂಟರಲ್ಲಿ ಮೂರು ಪಾಲು ಮಾತ್ರ ಸಿಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ: ಆ ಯೂನಿಟ್ಟು ತನ್ನ ಪುಟ್ಟ ಸ್ಪೀಕರುಗಳ ಕೊರತೆ ಮುಚ್ಚುವಂತೆ ಒಳಗೇ ಸ್ವರ ತಿದ್ದಿರುತ್ತದೆ, ಕ್ರಾಸ್‌ಓವರ್ (ಸ್ಪೀಕರಿಗೂ ಸಬ್‌ವೂಫರಿಗೂ ಸ್ವರ ಹಂಚುವ ಗಡಿ) ಕೂಡ ಬದಲಿಸಲು ಬಾರದಂತೆ ಮೇಲೆಲ್ಲೋ ಕೂತಿರುತ್ತದೆ. ಹೊಸ ಸ್ಪೀಕರಿನ ಒಳ್ಳೆಯತನ ಅಲ್ಲಿಗೇ ಮುಗಿಯಿತು. ಅದರ ಸಬ್‌ವೂಫರಿನಲ್ಲೂ ಸ್ವಂತ ಆಂಪ್ಲಿಫೈಯರ್ ಇರುವುದು ಅಪರೂಪ, ಯೂನಿಟ್ಟು ಹೋದರೆ ಅದೂ ಹೋದಂತೆ.

ಹಾಗಾದರೆ ಕ್ರಮ ಹೀಗಿರಲಿ: ಮೊದಲು ರಿಸೀವರ್, ಮುಂದಿನ ಮೂರು ಸ್ಪೀಕರ್ (ಎಡ, ಬಲ, ಮಾತು ಬರುವ ನಡುವಿನ ಸೆಂಟರ್) ಮತ್ತು ಸಬ್‌ವೂಫರ್, ಅಂದರೆ 3.1. ನಲವತ್ತು ಸಾವಿರ ಇಟ್ಟುಕೊಂಡಿದ್ದರೆ ಹದಿನೈದು–ಹದಿನಾರು ರಿಸೀವರಿಗೆ, ಹನ್ನೆರಡು ಮೂರು ಸ್ಪೀಕರಿಗೆ, ಹತ್ತು ಸಬ್‌ವೂಫರಿಗೆ, ಉಳಿದದ್ದು ವೈರಿಗೆ ಎಂದು ಹಂಚಿಕೊಳ್ಳಬಹುದು. ಆ ಮೊತ್ತದಲ್ಲಿ ರಿಸೀವರ್ ಸೆಕೆಂಡ್ ಹ್ಯಾಂಡ್ ಆಗಬೇಕಾದೀತು, ಅದರಲ್ಲಿ ಅಳುಕು ಬೇಡ. ಸೆಟ್ ಟಾಪ್ ಬಾಕ್ಸ್, ಪ್ಲೇಯರ್ ಎಲ್ಲವನ್ನೂ ಟಿವಿಗೇ ಕಟ್ಟುವುದರಿಂದ ರಿಸೀವರಿಗೆ 4ಕೆ ಬಾರದಿದ್ದರೂ ನಡೆಯುತ್ತದೆ. ಎಆರ್‌ಸಿ (ಟಿವಿಯ ಸದ್ದು ರಿಸೀವರಿಗೆ ಮರಳುವ ದಾರಿ) ಇರುವ ಎಚ್‌ಡಿಎಂಐ ಒಂದು, ಅದಿಲ್ಲವಾದರೆ ಆಪ್ಟಿಕಲ್ ಇನ್‌ಪುಟ್ ಒಂದು ಸಾಕು. ಕೊಳ್ಳುವಾಗ ಟೆಸ್ಟ್ ಟೋನ್ ಹಾಕಿಸಿ ಐದೂ ಚಾನೆಲ್ ಕೇಳಿ, ಅರ್ಧ ಗಂಟೆ ಓಡಿಸಿ. ಹಿಂದಿನ ಸ್ಪೀಕರ್ ‘ಇಲ್ಲ’ ಎಂದು ಮೆನುವಿನಲ್ಲಿ ಹೇಳಿದರೆ ಅವುಗಳ ಸದ್ದು ಮುಂದಿನವುಗಳಿಗೆ ಸೇರಿಕೊಳ್ಳುತ್ತದೆ, ಯಾವುದೂ ಕಳೆದುಹೋಗುವುದಿಲ್ಲ. ಆ ಜೋಡಿಯನ್ನು ಮುಂದಿನ ವರ್ಷ ತಂದರಾಯಿತು.

ಮೂರೂ ಒಂದೇ ಸರಣಿಯವು ಇರಲಿ. ಬುಕ್‌ಶೆಲ್ಫ್ ಜೋಡಿಯಾಗಿ ಮಾತ್ರ ಮಾರುತ್ತಾರೆ ಎಂದಾದರೆ ಎರಡು ಜೋಡಿ ತಂದು ಮೂರನೆಯದನ್ನು ನಿಲ್ಲಿಸಿ ಸೆಂಟರ್ ಮಾಡಿ, ನಾಲ್ಕನೆಯದು ಅಟ್ಟದಲ್ಲಿ ಕಾಯಲಿ. ಎರಡು ವೂಫರಿನ ನಡುವೆ ಟ್ವೀಟರ್ ಇಟ್ಟು ಅಡ್ಡ ಮಲಗಿಸಿದ ಅಗ್ಗದ ಸೆಂಟರಿಗಿಂತ ಅದು ಮೇಲು. ಅಡ್ಡ ಸೆಂಟರಿನಲ್ಲಿ ಎರಡು ವೂಫರಿನ ಸದ್ದು ಬದಿಯಲ್ಲಿ ಕುಳಿತವರನ್ನು ಮುಟ್ಟುವಾಗ ಒಂದನ್ನೊಂದು ಅಳಿಸುತ್ತದೆ. ಸೋಫಾದ ತುದಿಯಲ್ಲಿ ಕೂತ ಅಜ್ಜನಿಗೇ ಮಾತು ಕೇಳದಿರುವುದು ಇದರಿಂದ.

ವೈರಿನ ವಿಷಯ. ಅಂಗಡಿಯಲ್ಲಿ 14/76, 23/76, 40/76 ಎಂದು ಕೇಳುತ್ತಾರೆ. ಮೊದಲನೆಯದು ಎಳೆಗಳ ಸಂಖ್ಯೆ, 76 ಅಂದರೆ ಒಂದೊಂದು ಎಳೆಯ ದಪ್ಪ 0.0076 ಇಂಚು. 40/76 ಅಂದರೆ ಸುಮಾರು 1.2 ಚದರ ಮಿಲಿಮೀಟರ್ ತಾಮ್ರ. ಹತ್ತು ಮೀಟರ್ ಓಡಿದರೆ ಹೋಗಿಬರುವ ದಾರಿ ಸೇರಿ 0.3 ಓಮ್ ಒಳಗೆ, 8 ಓಮಿನ ಸ್ಪೀಕರಿಗೆ ಧಾರಾಳ. 14/76 ಆದರೆ 0.8 ಓಮ್ ದಾಟುತ್ತದೆ, ಹಿಂದಿನ ಸ್ಪೀಕರಿಗೆ ಬೇಡ. 12×15 ಅಡಿಯ ಹಾಲಿಗೆ ಐದೂ ಸೇರಿ 35 ಮೀಟರ್ ಬೇಕಾದೀತು. ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ರೋಧ ಒಂದೂವರೆ ಪಟ್ಟು, ಉಪ್ಪುಗಾಳಿಗೆ ಬೇಗ ಪುಡಿಯಾಗುತ್ತದೆ. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯಲ್ಲಿ ಅಸಲಿ ತಾಮ್ರದ ತುದಿಗೂ ಹಸಿರು ಕಿಲುಬು ಹತ್ತುವುದುಂಟು. ಬರಿಯ ಎಳೆಗಳನ್ನು ಸ್ಕ್ರೂವಿಗೆ ಸುತ್ತುವ ಬದಲು ಬನಾನಾ ಪ್ಲಗ್ ಹಾಕಿ. ತುದಿಗೆ ಬೆಸುಗೆ ಹಾಕಿ ಸ್ಕ್ರೂ ಬಿಗಿಯಬೇಡಿ, ಸೀಸ ಮೆತ್ತಗೆ ಜರುಗಿ ಕೆಲ ತಿಂಗಳಲ್ಲಿ ಸಡಿಲವಾಗುತ್ತದೆ.

ಇಡುವ ಜಾಗಕ್ಕೆ ಖರ್ಚಿಲ್ಲ, ಆದ್ದರಿಂದಲೇ ಯಾರೂ ಗಮನ ಕೊಡುವುದಿಲ್ಲ. ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ, ನೆಲದಿಂದ ಸುಮಾರು ಒಂದು ಮೀಟರ್. ಎಡ ಬಲದ ಸ್ಪೀಕರ್ ಸೋಫಾದಿಂದ ನೋಡಿದರೆ ನಡುಗೆರೆಗೆ ತಲಾ 22ರಿಂದ 30 ಡಿಗ್ರಿ. ಸೆಂಟರನ್ನು ಶೋಕೇಸಿನ ಒಳಗೆ ತಳ್ಳಬೇಡಿ, ಹಲಗೆಯ ಅಂಚಿಗೆ ತಂದು ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ. ಹಿಂದೆ ತೂತಿರುವ ಸ್ಪೀಕರಿಗೆ ಗೋಡೆಯಿಂದ ಒಂದು ಗೇಣಾದರೂ ಬಿಡಬೇಕು. ಹಿಂದಿನವು ಬಂದ ಮೇಲೆ 110 ಡಿಗ್ರಿಯ ಆಚೀಚೆ, ಕಿವಿಗಿಂತ ಸ್ವಲ್ಪ ಮೇಲೆ.

ಗೋಡೆಗೆ ಕೂರಿಸುವಾಗ ನಮ್ಮ ಮುರಕಲ್ಲು ಬೇರೆಯದೇ ಮರ್ಯಾದೆ ಕೇಳುತ್ತದೆ. ಕಲ್ಲು ಮೆತ್ತಗೆ, ಒಳಗೆ ಪೊಟರೆ, ಮೇಲೆ ದಪ್ಪ ಗಾರೆ. ಹ್ಯಾಮರ್ ಮೋಡಿನಲ್ಲಿ ಕೊರೆದರೆ ತೂತು ಅಗಲವಾಗಿ 6 ಮಿಲಿಮೀಟರಿನ ಪ್ಲಗ್ ಒಳಗೇ ತಿರುಗುತ್ತದೆ. ಹ್ಯಾಮರ್ ನಿಲ್ಲಿಸಿ, ನಿಧಾನ ಕೊರೆದು, ಗಾರೆ ದಾಟಿ ಕಲ್ಲಿನೊಳಗೆ ಹೋಗುವಂಥ 8 ಮಿಲಿಮೀಟರಿನ ಉದ್ದದ ನೈಲಾನ್ ಪ್ಲಗ್ ಹಾಕಿ. ಕಲ್ಲು ಕಲ್ಲಿನ ಸಂದಿ ಸಿಕ್ಕಿದರೆ ಜಾಗ ಬದಲಿಸಿ.

ಸಬ್‌ವೂಫರಿಗೆ ಎಂಟು ಅಥವಾ ಹತ್ತು ಇಂಚು ಸಾಕು, ಸ್ವಂತ ಆಂಪ್ಲಿಫೈಯರ್ ಇರಬೇಕು. ಅದನ್ನು ಮೂಲೆಗೆ ದೂಡಿ ಮರೆತುಬಿಡುವುದು ಎಲ್ಲರ ಅಭ್ಯಾಸ. ಹಾಲಿನ ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರ ಉಬ್ಬುತ್ತವೆ, ಕೆಲವು ಮಾಯವಾಗುತ್ತವೆ. ನಮ್ಮ 30 ಡಿಗ್ರಿ ಸೆಕೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 349 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಉಬ್ಬು ಸಿಗುತ್ತದೆ: 15 ಅಡಿಗೆ 38 ಹರ್ಟ್ಸ್, 12 ಅಡಿಗೆ 48. ಜಾಗ ಹುಡುಕುವ ಉಪಾಯ ನೋಡಲು ತಮಾಷೆ, ಆದರೆ ಪಕ್ಕಾ. ಸಬ್‌ವೂಫರನ್ನೇ ಸೋಫಾದ ಮೇಲೆ ನೀವು ಕೂರುವಲ್ಲಿ ಇಟ್ಟು, ಬಾಸ್ ಏರಿಳಿಯುವ ಹಾಡು ಹಾಕಿ, ನೀವು ಅಂಬೆಗಾಲಿಟ್ಟು ಗೋಡೆಯ ಬದಿಯಲ್ಲಿ ಸುತ್ತಿ. ಎಲ್ಲ ಸ್ವರವೂ ಸಮನಾಗಿ ಕೇಳಿದ ಕಡೆ ಸಬ್‌ವೂಫರಿನ ಜಾಗ. ಮನೆಯವರು ನಗಲಿ, ಪರವಾಗಿಲ್ಲ. ಫ್ಲ್ಯಾಟಿನಲ್ಲಿದ್ದರೆ, ಅಥವಾ ಹಳೆಯ ಮನೆಯ ಹಲಗೆಯ ಉಪ್ಪರಿಗೆಯಲ್ಲಿದ್ದರೆ, ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ.

ಇನ್ನು ಸೆಟ್ಟಿಂಗ್. ರಿಸೀವರಿನ ಜೊತೆ ಬಂದ ಮೈಕಿನಿಂದ ತಾನಾಗಿ ಅಳೆಸುವಾಗ ಫ್ಯಾನ್ ಆಫ್ ಇರಲಿ, ಮಳೆ ಹೊಯ್ಯುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಅಳೆದು ಮುಗಿದ ಮೇಲೂ ಮೆನು ತೆರೆಯಿರಿ. ಐದು ಇಂಚಿನ ಸ್ಪೀಕರನ್ನು ‘ಲಾರ್ಜ್’ ಎಂದು ಬರೆದಿರುವುದು ಸಾಮಾನ್ಯ, ಅದನ್ನು ‘ಸ್ಮಾಲ್’ ಮಾಡಿ, ಆಗ ಬಾಸ್ ಸಬ್‌ವೂಫರಿಗೆ ಹೋಗುತ್ತದೆ. ಕ್ರಾಸ್‌ಓವರ್ 80, ವೂಫರ್ ನಾಲ್ಕು ಇಂಚಿನದ್ದಾದರೆ 100. ಸಬ್‌ವೂಫರಿನ ಬೆನ್ನ ಮೇಲಿನ ಕ್ರಾಸ್‌ಓವರ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಡಿ, ಇಲ್ಲವಾದರೆ ಎರಡು ಸೋಸಣಿಗೆ ಒಂದರ ಮೇಲೊಂದು ಕೂತು ನಡುವೆ ಹೊಂಡ ಬೀಳುತ್ತದೆ. 80 ಹರ್ಟ್ಸ್‌ನ ಟೋನ್ ಹಾಕಿ ಫೇಸ್ ಸ್ವಿಚ್ಚನ್ನು 0ಗೂ 180ಕ್ಕೂ ಬದಲಿಸಿ ಕೇಳಿ, ಯಾವುದರಲ್ಲಿ ಜೋರೋ ಅದೇ ಸರಿ. ಪ್ರತಿ ಚಾನೆಲ್ಲಿಗೂ ಟೆಸ್ಟ್ ಟೋನ್ 75 ಡೆಸಿಬೆಲ್ ಬರುವಂತೆ ಮಾಡಿ. ಮೊಬೈಲಿನ ಆ್ಯಪ್ ಸಂಖ್ಯೆ ತಪ್ಪಾಗಿ ಹೇಳಿದರೂ ಹೋಲಿಕೆಗೆ ಸಾಕು.

ಟಿವಿಯಲ್ಲಿ ಒಂದು ಸಣ್ಣ ಬಲೆ ಇದೆ. ಎಆರ್‌ಸಿ ಕಟ್ಟಿ, ಆಡಿಯೋ ಔಟ್‌ಪುಟ್ ‘ಪಿಸಿಎಂ’ ಎಂದೇ ಬಿಟ್ಟರೆ ಎರಡು ಚಾನೆಲ್ ಮಾತ್ರ ಹೊರಗೆ ಬರುತ್ತದೆ. ಹೊಸ ಸೆಂಟರ್ ಮೂಕವಾದರೆ ಮೊದಲ ಅನುಮಾನ ಇದರ ಮೇಲೆ. ‘ಪಾಸ್‌ಥ್ರೂ’ ಅಥವಾ ‘ಆಟೋ’ ಮಾಡಿ. ಯಕ್ಷಗಾನದ ವಿಡಿಯೋಗಳು ಸಾಮಾನ್ಯವಾಗಿ ಸ್ಟೀರಿಯೋ, ಅವಕ್ಕೆ ರಿಸೀವರಿನ ಡಾಲ್ಬಿ ಸರೌಂಡ್ ಅಥವಾ ಪ್ರೊ ಲಾಜಿಕ್ ಹಾಕಿದರೆ ಭಾಗವತರ ಪದವೂ ವೇಷಧಾರಿಗಳ ಅರ್ಥವೂ ಸೆಂಟರಿಗೆ ಬರುತ್ತದೆ. ಚೆಂಡೆಯ ಏಟು ಕಿವಿಗೆ ಚುಚ್ಚುತ್ತಿದ್ದರೆ ಸ್ಪೀಕರನ್ನು ಬೈಯುವ ಮೊದಲು ನೆಲ ನೋಡಿ. ಬರಿಯ ಟೈಲ್ಸ್ ಅಥವಾ ಕಾವಿ ನೆಲವಾಗಿದ್ದರೆ ಸ್ಪೀಕರಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ ಹಾಸಿ. ಮಳೆಗಾಲಕ್ಕೆ ಸೆಂಟರನ್ನು ಎರಡು ಮೂರು ಡೆಸಿಬೆಲ್ ಏರಿಸಿ, ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಹಾಕಿ. ಹಂಚಿನ ಅಥವಾ ಶೀಟಿನ ಮಾಡಿನ ಕೆಳಗೆ ಬೇರೆ ದಾರಿಯೂ ಇಲ್ಲ.

ಇಲ್ಲಿಯ ಹವೆ ಸ್ಪೀಕರನ್ನು ಬೇರೆ ಊರಿಗಿಂತ ಬೇಗ ತಿನ್ನುತ್ತದೆ. ಕೋನಿನ ಸುತ್ತಿನ ಅಂಚು ಫೋಮಿನದ್ದಾದರೆ ಕೆಲವೇ ವರ್ಷಗಳಲ್ಲಿ ಬೆರಳು ತಾಗಿಸಿದರೆ ಉದುರುತ್ತದೆ, ರಬ್ಬರಿನದ್ದೇ ಕೇಳಿ. ಕಾಗದದ ಕೋನಿಗೆ ಬೂಷ್ಟು ಹಿಡಿಯುತ್ತದೆ, ಪಾಲಿಪ್ರೊಪಿಲೀನ್ ಆದರೆ ಚಿಂತೆಯಿಲ್ಲ. ಎಂಡಿಎಫ್ ಡಬ್ಬ ನೀರು ಕುಡಿದರೆ ಉಬ್ಬುವುದರಿಂದ ಒರೆಸುವ ನೆಲದ ಮೇಲೆ ನೇರವಾಗಿ ಇಡಬಾರದು. ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ದಿನವಾದರೂ ರಿಸೀವರ್ ಓಡಿಸಿ, ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಅದೇ ಬಿಸಿ ಹುಡುಕಿಕೊಂಡು ಹಲ್ಲಿ ಬರುತ್ತದೆ, ಬೋರ್ಡಿನ ಮೇಲೆ ಸತ್ತು ಶಾರ್ಟ್ ಮಾಡುತ್ತದೆ. ರಿಸೀವರಿನ ಗಾಳಿಕಂಡಿಗೆ, ಸ್ಪೀಕರಿನ ತೂತಿಗೆ ಸೊಳ್ಳೆಪರದೆಯ ನೈಲಾನ್ ಬಲೆ ಸಾಕು, ಗಾಳಿ ಆಡಬೇಕು ಅಷ್ಟೆ.

ಸ್ಪೀಕರಿನಲ್ಲಿ ‘ಗುಂಯ್’ ಎಂದು ಸದಾ ಸದ್ದಿದ್ದರೆ ಸೆಟ್ ಟಾಪ್ ಬಾಕ್ಸಿನಿಂದ ಡಿಶ್ ಕೇಬಲ್ ಬಿಚ್ಚಿ ನೋಡಿ. ನಿಂತರೆ ಅದು ಅರ್ಥಿಂಗಿನ ಸುತ್ತು, ಅಂದರೆ ಎರಡು ದಾರಿಯ ಅರ್ಥಿಂಗ್ ಕೂಡಿ ಹುಟ್ಟಿದ ಸದ್ದು. ಕರೆಂಟು ಹೋಗಿ ಇನ್ವರ್ಟರಿನಲ್ಲಿ ಮಾತ್ರ ಗುಂಯ್‌ಗುಟ್ಟಿದರೆ ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು, ಸೈನ್ ವೇವಿನದ್ದಕ್ಕೆ ಆ ತೊಂದರೆ ಇಲ್ಲ.

ಎಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಯ ಸಿಡಿಲಿಗೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಮಾಡಿನ ಮೇಲಿನ ಡಿಶ್‌ನಿಂದ ಇಳಿಯುವ ಕೇಬಲನ್ನು ಮಾತ್ರ ಮರೆಯುತ್ತಾರೆ. ಸಿಡಿಲಿನ ಹೊಡೆತ ಅದರ ಮೂಲಕ ಸೆಟ್ ಟಾಪ್ ಬಾಕ್ಸಿಗೆ ಬಂದು, ಎಚ್‌ಡಿಎಂಐ ಹಿಡಿದು ಟಿವಿಗೆ, ಅಲ್ಲಿಂದ ರಿಸೀವರಿಗೆ ದಾಟುತ್ತದೆ. ಆದ್ದರಿಂದ ಆ ಕೇಬಲನ್ನೂ, ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಬಿಚ್ಚಿಡಿ. ಸರ್ಜ್ ಪ್ರೊಟೆಕ್ಟರ್ ಕೆಲಸ ಮಾಡಬೇಕಾದರೆ ಅರ್ಥಿಂಗ್ ಗಟ್ಟಿ ಇರಬೇಕು. ಬೇಸಗೆಯಲ್ಲಿ ಮುರ ಮಣ್ಣು ಒಣಗಿ ಅದು ಸೊರಗುವುದರಿಂದ ಶಿವರಾತ್ರಿ ಕಳೆದ ಮೇಲೆ ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ.